ಮೀಟರಿನಲ್ಲಿ ಒಂದು ಕಿಲೋಮೀಟರು

ವೇಗದ ಮುಳ್ಳು ಸತ್ತು ಮೂರು ವರ್ಷ.
ಡೀಸೆಲ್ಲಿನ ಮುಳ್ಳಿಗೆ ಸದಾ ಅರ್ಧ ಟ್ಯಾಂಕು.
ಹೂವಪ್ಪನ ಬಸ್ಸಿನಲ್ಲಿ ಸುಳ್ಳಾಡದೆ ಉಳಿದದ್ದು
ಕಿಲೋಮೀಟರಿನ ಆರು ಪುಟ್ಟ ಗಾಲಿ ಮಾತ್ರ.

ಬಾನೆಟ್ಟಿನ ಪಕ್ಕದ ಸೀಟು ನನ್ನದು,
ಮಂಡಗದ್ದೆ ಹೈಸ್ಕೂಲಿಗೆ ಒಂಬತ್ತು ವರ್ಷದಿಂದ.
ಗಾಜನೂರು ದಾಟಿ ಸ್ವಲ್ಪ ದೂರ,
ಕೊನೆಯ ಒಂಬತ್ತು ಮೆಲ್ಲಗೆ ಹೊರಳಿ ಸೊನ್ನೆಯಾಯಿತು,
ಪಕ್ಕದ ಸೊನ್ನೆ ಎದ್ದು ಒಂದಾಯಿತು:

೫೧೦೫೧೦.

‘ನಿಲ್ಸಿ’ ಅಂದುಬಿಟ್ಟೆ.
ನಿಂತಿತು, ನನ್ನ ಮಾತಿಗಲ್ಲ.
ಸಕ್ರೆಬೈಲಿನ ಆನೆಯೊಂದು ಮೈ ತೊಳೆದುಕೊಂಡು
ರಸ್ತೆಗೆ ಅಡ್ಡ, ನೀರು ಸುರಿಸುತ್ತ.
ಮಾವುತನಿಗೆ ಬೀಡಿ ಹಚ್ಚುವ ಅವಸರವೂ ಇಲ್ಲ.

ನೋಡಿ ಹೂವಪ್ಪ, ಐನೂರ ಹತ್ತು, ಮತ್ತೆ ಐನೂರ ಹತ್ತು.
ಹೀಗೆ ಮೂರಂಕಿ ಎರಡು ಸಲ ಬಂದರೆ
ಏಳು, ಹನ್ನೊಂದು, ಹದಿಮೂರು ಕೇಳದೆಯೇ ಒಳಗೆ.
ಎರಡು, ಮೂರು, ಐದು, ಹದಿನೇಳು ಐನೂರ ಹತ್ತರಲ್ಲೇ ಕೂತಿವೆ.
ಯಾರಿಗೂ ಒಡೆಯದ ಏಳು ಜನ,
ಏಳೂ ಒಟ್ಟಿಗೆ ಹತ್ತುವ ಮೊದಲ ಸ್ಟಾಪು ಇದು.

‘ಚಿಲ್ರೆ?’ ಎಂದ ಕಂಡಕ್ಟರ್ ಇಲಿಯಾಸ್, ಹಿಂದಿನಿಂದ.
ಒಬ್ಬರಿಗೂ ಇಲ್ಲ.
ಅವನಿಗೆ ನಂಬಿಕೆ ಬರಲಿಲ್ಲ.
ಟಿಕೇಟಿನ ಬೆನ್ನಿಗೆ ಒಂದು ರೂಪಾಯಿ ಬರೆದುಕೊಡದೆ
ಅವನ ದಿನ ಯಾವತ್ತು ಕಳೆದಿದೆ?

ಮುಂದಿನ ಭೇಟಿ ಹತ್ತು ಲಕ್ಷ ಇಪ್ಪತ್ತೊಂದು ಸಾವಿರ ದಾಟಿ.
ಆರೇ ಗಾಲಿಯ ಮೀಟರಿಗೆ ಅದನ್ನು ಬರೆಯಲು ಜಾಗವಿಲ್ಲ.
‘ಅಷ್ಟೊತ್ತಿಗೆ ಗಾಡಿ ಗುಜರಿಗೆ’ ಎಂದ ಹೂವಪ್ಪ,
‘ನಾನೂ.’

ಆನೆ ಸರಿಯಿತು. ಗೇರು ಬಿತ್ತು.
ಇನ್ನೊಂದು ತಿರುವಿನಲ್ಲಿ ಸೊನ್ನೆ ಒಂದಾಯಿತು.
ಈಗ ಏಳೂ ಜನಕ್ಕೆ ತಲಾ ಒಂದು ಬಾಕಿ,
ಹಾಗಾಗಿ ಇದನ್ನು ಯಾರೂ ಒಡೆಯಲಾರರು, ಎಂದೆ,
ಹತ್ತನೇ ಕ್ಲಾಸಿನ ಬೋರ್ಡಿನ ಮುಂದೆ ನಿಂತವಳ ಧೈರ್ಯದಲ್ಲಿ.

ರಾತ್ರಿ ವಿನೋಬನಗರದಲ್ಲಿ, ಹಾಲು ಕಾಯಲಿಟ್ಟು,
ಕರೆಂಟು ಬಿಲ್ಲಿನ ಹಿಂಬದಿಗೆ ಸುಮ್ಮನೆ ಭಾಗಿಸಿದೆ.
ಹತ್ತೊಂಬತ್ತು. ಸಲೀಸಾಗಿ.
ಆಮೇಲೆ ತೊಂಬತ್ತೇಳು, ಇನ್ನೂರ ಎಪ್ಪತ್ತೇಳು.
ನನ್ನ ಏಳು ಜನರ ಪಟ್ಟಿಯ ಆಚೆ
ಬಾಗಿಲಲ್ಲೇ ನಿಂತಿದ್ದವರು.
ಹಾಲು ಉಕ್ಕಿತು.

ಬೆಳಿಗ್ಗೆ ಹೇಳಿದೆ: ನಿನ್ನೆ ತಪ್ಪು ಹೇಳಿದ್ದೆ.
‘ಬಿಡಿ ಟೀಚರ್. ಈ ಗಾಡೀಲಿ ರಿವರ್ಸ್ ಹಾಕಿದ್ರೆ
ಮೀಟ್ರೂ ಹಿಂದಕ್ಕೆ ಬರುತ್ತೆ.
ಆದ್ರೆ ಇನ್ನೂರ ನಲವತ್ತು ಕಿಲೋಮೀಟ್ರು
ಕತ್ತು ತಿರುಗಿಸಿ ಯಾರು ಓಡಿಸ್ತಾರೆ?’
ಬೆರಳಿನಿಂದ ಗಾಜು ತಟ್ಟಿದ. ೫೧೦೭೫೧.
‘ಇದು?’

ಬಾಯಿ ಬಿಡಲಿಲ್ಲ. ಪೆನ್ನು ತೆಗೆದೆ.
ಇಲಿಯಾಸ್ ಕೊಟ್ಟ ಟಿಕೇಟಿನ ಬೆನ್ನಲ್ಲಿ,
ಅವನ ಒಂದು ರೂಪಾಯಿಯ ಸುತ್ತ,
ಹತ್ತೊಂಬತ್ತು ಅಲ್ಲ, ಇಪ್ಪತ್ತಮೂರು ಅಲ್ಲ,
ನಲವತ್ತೇಳಕ್ಕೆ ಎರಡು ಉಳಿಯುವಷ್ಟರಲ್ಲಿ
ಮಂಡಗದ್ದೆ ಬಂತು.