ಮುಕ್ಕಾಲು ಅಚ್ಚು

ಬೆಳಗಿನ ಜಾವ ನಾಲ್ಕೂ ಹತ್ತಕ್ಕೆ
ಸಸೂನ್ ಡಾಕಿನ ಐಸ್ ಫ್ಯಾಕ್ಟರಿಯನ್ನು
ಲಕ್ಷ ಚೂರು ಮಾಡಿದೆ.
ಸುತ್ತಿಗೆ ಬೇಕಾಗಲಿಲ್ಲ. ಒಂದು ಗುಂಡಿ, ಅಷ್ಟೆ,
ಅಂಧೇರಿಯ ಏಳನೇ ಮಹಡಿಯಲ್ಲಿ
ಆರಿದ ಚಹಾದ ಪಕ್ಕ.

ಒಮ್ಮೆ ಚೈನಿಗೆ ಏರಿದ ಮೇಲೆ ತಿದ್ದುವಂತಿಲ್ಲ.
ಅದಕ್ಕೇ ಮೂರು ಸಲ ಓದಿದ್ದೆ:
ವರ್ಷ ತುಂಬದೆ ಮಾರುವಂತಿಲ್ಲ,
ಪಟ್ಟಿಯಲ್ಲಿಲ್ಲದವರಿಗೆ ದಾಟಿಸುವಂತಿಲ್ಲ,
ಕೋರ್ಟು ಹೇಳಿದರೆ ಇದ್ದಲ್ಲೇ ಫ್ರೀಜ್ ಆಗಬೇಕು.
ಆ ಸಾಲಿಗೆ ಬಂದಾಗ ಮಾತ್ರ
ವಕೀಲೆ ಫ್ರೇನಿ ಫೋನಿನಲ್ಲೇ ನಕ್ಕಳು,
ಆರು ವಾರದಲ್ಲಿ ಮೊದಲ ಸಲ.

ಆಮೇಲೆ ಹಂಚಿಕೆ.
ಪುಣೆಯ ಔಷಧಿ ವ್ಯಾಪಾರಿಗೆ ಹದಿನೆಂಟು ಸಾವಿರ,
ದುಬೈಯ ಕಂಪನಿಯೊಂದಕ್ಕೆ ನಲವತ್ತು ಸಾವಿರ,
ಮಡಗಾಂವಿನ ಡಾಕ್ಟರ್ ದಂಪತಿಗೆ ಜಂಟಿಯಾಗಿ ಒಂಬೈನೂರು.
ಹೆಸರಿಲ್ಲ ಅಲ್ಲಿ ಯಾರಿಗೂ.
ನಲವತ್ತು ಅಕ್ಷರದ ವಿಳಾಸ, ಬೀದಿಯಿಲ್ಲ, ಪಿನ್‌ಕೋಡಿಲ್ಲ,
ಅಂಚೆಯವ ಎಂದೂ ಬಾರದ ಮನೆ.
ಕೊನೆಯ ಸಾಲು, ಸಿಬ್ಬಂದಿಯ ಪಾಲು:
ಸಂಜೀವ ಸಾಲ್ಯಾನ್, ಫೋರ್‌ಮನ್, ಮೂವತ್ತೊಂದು ವರ್ಷ.
ಅರವತ್ತು ಟೋಕನ್.

ಅವರ ಫೋನಿಗೆ ವಾಲೆಟ್ ಹಾಕಿಕೊಡಲು
ಹಿಂದಿನ ಗುರುವಾರ ಹೋದವಳು ನಾನೇ.
ಅಮೋನಿಯಾ ಒಂದು ಕಡೆ, ಬೊಂಬಿಲ್ ಒಂದು ಕಡೆ,
ಎರಡು ವಾಸನೆಯ ನಡುವೆ ಒಂದು ಸ್ಟೂಲು.
"ಹನ್ನೆರಡು ಪದ ಬರುತ್ತದೆ, ಬರೆದಿಟ್ಟುಕೊಳ್ಳಿ.
ಯಾರಿಗೂ ಹೇಳಬೇಡಿ. ನನಗೂ."
ಅವರು ಕನ್ನಡಕ ಒರೆಸಿ
ಐಸಿನ ಲೆಕ್ಕದ ಪುಸ್ತಕ ತೆರೆದು
ರಾತ್ರಿಶಾಲೆ ಕಲಿಸಿದ ದುಂಡು ಕನ್ನಡದಲ್ಲಿ
ಒಂದೊಂದೇ ಬರೆಯುತ್ತ, ಗಟ್ಟಿಯಾಗಿ ಓದತೊಡಗಿದರು:
ರಿವರ್. ಅಂಕಲ್. ಲ್ಯಾಡರ್.
ನಾನು ಕಿವಿ ಮುಚ್ಚಿಕೊಂಡೆ.
"ಸ್ಪೆಲ್ಲಿಂಗ್ ಸರಿ ಉಂಟಾ ನೋಡು ಮಾರಾಯ್ತಿ,"
ಪುಸ್ತಕ ನನ್ನ ಮುಖಕ್ಕೇ ಬಂತು.
ನಾನು ಗೋಡೆಗೆ ತಿರುಗಿದೆ.
ಐಸಿಗೆಂದು ಬಂದಿದ್ದ ಯಮುನಾ ತಾಂಡೇಲ್
ಬುಟ್ಟಿ ಇಳಿಸಿ ನಗುತ್ತಿದ್ದಳು:
"ಕಾಯ್ ರೆ ಸಾಲ್ಯಾನ್, ಪೋರ್ ರುಸ್ಲಿ ಕಾಯ್?"

ಬರೆದು ಮುಗಿಸಿ ಕೇಳಿದರು, ಅರವತ್ತು ಅಂದರೆ ಎಷ್ಟು.
ಲಕ್ಷದಲ್ಲಿ ಅರವತ್ತು, ಅಂದೆ.
ತುಟಿಯಲ್ಲೇ ಲೆಕ್ಕ ಹಾಕಿದರು:
ಸಾವಿರದಿನ್ನೂರು ಅಚ್ಚು ಇದೆ ಇಲ್ಲಿ,
ಹಾಗಾದರೆ ನನ್ನದು ಮುಕ್ಕಾಲು ಅಚ್ಚು, ಅದೂ ತುಂಬುವುದಿಲ್ಲ.
ಎದ್ದು ಹೋಗಿ ಮೂರನೇ ಟ್ಯಾಂಕಿನ ಹಲಗೆ ಸರಿಸಿ
ಒಂದು ಅಚ್ಚನ್ನು ಬೆರಳ ಗೆಣ್ಣಿನಿಂದ ತಟ್ಟಿದರು,
ಹಲಸಿನಹಣ್ಣು ತಟ್ಟುವ ಹಾಗೆ.

ಈಗ, ಚೈನು ಒಪ್ಪಿದ ಗುರುತು ಬಿದ್ದ ಮೇಲೆ
ಫೋನ್ ಮಾಡಿದೆ. "ಸಾಲ್ಯಾನರೇ, ಬಂತು."
ಆಚೆ ಐಸ್ ಪುಡಿ ಮಾಡುವ ಯಂತ್ರದ ಗದ್ದಲ.
"ಏನು? ಬೋಟು ಬಂದಿದೆ, ಆಮೇಲೆ ಮಾತಾಡುವ."

ಪರದೆಯ ಮೇಲೆ ಅರವತ್ತು ಹಾಗೇ ಇದೆ,
ಇನ್ನು ಯಾರೂ ಅಳಿಸಲಾರರು.
ಆ ಪುಸ್ತಕದ ಅಂಚೆಲ್ಲ ಒದ್ದೆಯಾಗಿತ್ತು.
ಬರೆದದ್ದು ಬಾಲ್‌ಪೆನ್ನೋ ಶಾಯಿಪೆನ್ನೋ,
ನೋಡಲಿಲ್ಲ.
ಗೋಡೆಗೆ ಮುಖ ಮಾಡಿದ್ದೆ.