ಮೂರನೇ ಟ್ರಿಪ್ಪು

ದುರ್ಗದ ಬಸ್ ನಿಲ್ದಾಣದಲ್ಲಿ ನಾನು ಕಂಟ್ರೋಲರ್.
ಹೋದದ್ದು ಎಷ್ಟು ಹೊತ್ತಿಗೆ ತಿರುಗಿ ಬರುತ್ತದೆ
ಎಂದು ಬರೆದಿಡುವುದೇ ಕೆಲಸ.
ಹಾಗಾಗಿ ಈ ಲೆಕ್ಕ ಸಲೀಸಾಗಿ ತಲೆಗೆ ಹತ್ತಿತು:

ಒಂದು ಗ್ರಹಣ ಹೊರಟರೆ
ಹದಿನೆಂಟು ವರ್ಷ, ಹನ್ನೊಂದು ದಿನ, ಎಂಟು ತಾಸಿಗೆ
ಅದೇ ಗ್ರಹಣ ಮತ್ತೆ ಬರುತ್ತದೆ.
ಆ ಎಂಟು ತಾಸಿನದೇ ತಕರಾರು.
ಅಷ್ಟರಲ್ಲಿ ಭೂಮಿ ಮಗ್ಗುಲು ಬದಲಿಸಿರುತ್ತದೆ,
ಗಾಡಿ ಇನ್ಯಾರದೋ ಊರಲ್ಲಿ ಹೋಗಿ ನಿಲ್ಲುತ್ತದೆ.
ಎಂಬತ್ತರಲ್ಲಿ ನಮ್ಮ ಕಡೆ ಬಂದದ್ದು
ತೊಂಬತ್ತೆಂಟರಲ್ಲಿ ಕೆರಿಬಿಯನ್ ಕಡಲಿಗೆ,
ಎರಡು ಸಾವಿರದ ಹದಿನಾರರಲ್ಲಿ ಸುಮಾತ್ರಕ್ಕೆ.
ಮೂರೆಂಟ್ಲೆ ಇಪ್ಪತ್ನಾಲ್ಕು.
ಮೂರನೇ ಟ್ರಿಪ್ಪಿಗೆ ದಿನ ತುಂಬಿ
ನಮ್ಮತ್ತಲೇ ಮುಖ ಮಾಡುತ್ತದೆ.

ಎಂಬತ್ತರ ಫೆಬ್ರವರಿಯಲ್ಲಿ ನನಗೆ ಏಳು ತಿಂಗಳು,
ಹೊಟ್ಟೆಯೊಳಗೆ.
ಬುರುಜನಹಟ್ಟಿಯ ಮನೆ. ಅಜ್ಜಿ ಸಣ್ಣಬೋರಮ್ಮ
ಹಿತ್ತಾಳೆ ಗಂಗಾಳದ ನೀರಲ್ಲಿ ಒನಕೆ ನಿಲ್ಲಿಸಿದ್ದಳು.
ಒನಕೆ ಹಿಡಿಯುವುದನ್ನು ಈ ಊರಿಗೆ ಯಾರೂ ಕಲಿಸಬೇಕಿಲ್ಲ.
ಅವ್ವನನ್ನು ಒಳಕೋಣೆಗೆ ಕಳಿಸಿ, ಚಿಲಕ ಹಾಕಿ,
ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು.
ಹೆಚ್ಚಬೇಡ, ಕೊಚ್ಚಬೇಡ, ಸೂಜಿ ಮುಟ್ಟಬೇಡ,
ಮೈ ಕೆರೆದುಕೊಳ್ಳಬೇಡ, ಕಣ್ಣೆತ್ತಬೇಡ.
ಓಣಿಯಲ್ಲಿ ನಾಯಿಯೂ ಇರಲಿಲ್ಲವಂತೆ.

ಬಲಗಿವಿಯ ಅಂಚಿನಲ್ಲಿ ಒಂದು ಕಚ್ಚು ಇಟ್ಟುಕೊಂಡೇ ಹುಟ್ಟಿದೆ,
ಇಲಿ ಕಡಿದ ರೊಟ್ಟಿಯ ಹಾಗೆ.
"ಏನು ಕೊಯ್ದೆಯೇ ಉಚ್ಚಂಗಿ, ಅವತ್ತು?"
ಬಾಣಂತನಕ್ಕೆ ಬಂದವರು ಕೇಳಿದರು, ಬಳೆಗಾರ ಕೇಳಿದ,
ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೂ ಕೇಳಿದರು.
ಅವ್ವ ಏನೂ ಕೊಯ್ದಿರಲಿಲ್ಲ.
ಏನೂ ಹೇಳಲೂ ಇಲ್ಲ.

ಹೋದ ತಿಂಗಳು ಅವರೇಕಾಯಿ ಸುಲಿಯುತ್ತ ಹೇಳಿದಳು,
ಮೊರದಿಂದ ಕಣ್ಣೆತ್ತದೆ:
ಕಿಟಕಿಗೆ ಬಡಿದಿದ್ದ ತಗಡಿನಲ್ಲಿ
ಒಂದು ಮೊಳೆ ಕಿತ್ತು ಬಿದ್ದಿತ್ತು.
ಆ ತೂತಿನಿಂದ ಎಂಟಾಣೆಯಷ್ಟು ಬಿಸಿಲು ಬಂದು
ಎದುರು ಗೋಡೆಗೆ ಅಂಟಿತ್ತು.
ನೋಡನೋಡುತ್ತ ಎಂಟಾಣೆ ಸವೆಯಿತು,
ಕುಡುಗೋಲಾಯಿತು, ಕತ್ತರಿಸಿದ ಉಗುರಾಯಿತು.
ಗೋಡೆಗೇಕೆ ಎಂದು
ಅವಳು ಎದ್ದು ನಡುವೆ ನಿಂತಳು.
ಸೀರೆಯ ಮೇಲೆ, ನಾನು ಒದೆಯುತ್ತಿದ್ದ ಜಾಗದಲ್ಲಿ,
ಸೂರ್ಯ ಒಂದು ಗೆರೆಯಾಗಿ ಬಂದು ಕೂತ.
"ತಣ್ಣಗಿದ್ದ ಕಣೇ," ಅಂದಳು.
"ನೀನೂ ಒದೆಯೋದು ನಿಲ್ಲಿಸಿದ್ದಿ."
ಬಹಳ ಹೊತ್ತಿನ ಮೇಲೆ:
"ನಾನು ನೋಡಿದ್ದಕ್ಕೇ ನಿನ್ನ ಕಿವಿ..."

ಇಷ್ಟು ವರ್ಷ ಅದನ್ನು ಸೆರಗಿನ ಗಂಟಿನಲ್ಲಿ
ಚಿಲ್ಲರೆಯ ಜೊತೆಗೇ ಇಟ್ಟುಕೊಂಡಿದ್ದಳು.

ಅವ್ವಾ, ದುರ್ಗವೆಲ್ಲ ಕದ ಹಾಕಿಕೊಂಡ ಹೊತ್ತಿನಲ್ಲಿ
ಅವನಿಗೆ ಕೂರಲು ಜಾಗ ಕೊಟ್ಟವಳು ನೀನೊಬ್ಬಳೇ,
ಎನ್ನಬೇಕೆಂದಿದ್ದೆ. ಬಾಯಿಗೆ ಬರಲಿಲ್ಲ.
ಡಿಪೋದ ಭಾಷೆಯಲ್ಲೇ ಹೇಳಿದೆ:

ಆ ಗಾಡಿ ವಾಪಸ್ ಬರುತ್ತೆ.
ಎರಡು ಸಾವಿರದ ಮೂವತ್ನಾಲ್ಕು, ಮಾರ್ಚ್ ಇಪ್ಪತ್ತು,
ಸೋಮವಾರ, ಅಮಾವಾಸ್ಯೆ. ಮಾರನೇ ದಿನ ಯುಗಾದಿ,
ಸ್ಪೆಷಲ್ ಬಸ್ಸುಗಳ ಗಲಾಟೆ, ರಜೆ ಕೊಡೋದಿಲ್ಲ,
ಈಗಲೇ ಅರ್ಜಿ ಬರೆದಿಡಬೇಕು.
ಬಂದ ದಾರಿಯಲ್ಲೇ ಬರೋದಿಲ್ಲ ಅದು,
ಸಲಕ್ಕೊಮ್ಮೆ ಬಡಗಲಿಗೆ ಸರಿಯುತ್ತೆ.
ಪೂರಾ ಕತ್ತಲೆ ಕಾಶ್ಮೀರದವರಿಗೆ.
ನಮಗೆ ಒಂದೇ ತುತ್ತು, ಬಲಗಡೆ ಅಂಚಲ್ಲಿ,
ನಾಲ್ಕೂವರೆ ದಾಟಿ, ಹೊತ್ತು ಕೋಟೆಯ ಕಡೆ ವಾಲಿದಾಗ.
ಅಂಗಳದಲ್ಲಿ ಜರಡಿ ಹಿಡಿದು ಕೂರೋಣ.
ನೆಲದ ಮೇಲೆ ನೂರು ಎಂಟಾಣೆ ಬೀಳುತ್ತವೆ,
ನೂರಕ್ಕೂ ಕಿವಿಯಲ್ಲಿ ಕಚ್ಚು.

ಅವ್ವ ಬೆರಳು ಮಡಿಸಿದಳು.
"ನನಗಾಗ ಎಪ್ಪತ್ತೆರಡು," ಅಂದಳು.
"ಹಿಟ್ಟಿನ ಜರಡಿ ಬೇಡ, ಅದರ ಕಣ್ಣು ತೀರ ಸಣ್ಣದು.
ಅಕ್ಕಿಯದು ತಾ."
ಸಿಪ್ಪೆ ಕೊಡವಿ ಎದ್ದು ಒಳಗೆ ಹೋಗುವಾಗ
ನನ್ನ ಬಲಗಿವಿಯನ್ನು ಹೆಬ್ಬೆರಳಿನಿಂದ ಸವರಿದಳು,
ಕತ್ತಲಲ್ಲಿ ನಾಣ್ಯದ ಅಂಚು ಮುಟ್ಟಿ
ಬೆಲೆ ಗುರುತಿಸುವವರ ಹಾಗೆ.