ಚಾವಣಿಯ ಬಳೆ

ಕೊಂಡಾಗ ದೋಣಿ ನೀರಿನಡಿಯಿತ್ತು.
ಮುಳುಗಿದ್ದಲ್ಲ, ಮುಳುಗಿಸಿದ್ದು:
ಎಲ್ಮ್ ಮರದ ಹಲಗೆ ನೆನೆದಷ್ಟು ಕಾಲ ಬದುಕುತ್ತದೆ,
ಗಾಳಿ ಸೋಕಿದರೆ ಸೀಳು.
ಟಿಪ್ಟನ್ನಿನ ಕಾಲುವೆಯಲ್ಲಿ ಮೂವತ್ತು ವರ್ಷ
ಬಾತುಗಳು ಅದರ ಮೇಲೆ ಈಜಿದವು.

ಎರಡು ಸಾವಿರ ಪೌಂಡು ಎಣಿಸಿ ಕೊಟ್ಟೆ.
“ಕೆಸರಿಗೆ ಇಷ್ಟು ದುಡ್ಡೇ?” ಎಂದಳು ಹೆಂಡತಿ.

ಎತ್ತಿದೆವು. ಗೋಣಿ ಹೊದಿಸಿ ದಿನಕ್ಕೆ ಮೂರು ಸಲ
ಜ್ವರದ ಮಗುವಿನ ಹಣೆಗೆಂಬಂತೆ ನೀರು ಚಿಮುಕಿಸಿದೆ.
ಡಾಂಬರು, ಕುದುರೆಲದ್ದಿ, ಹಸುವಿನ ಕೂದಲು
ಕುದಿಸಿ ಬಳಿದೆ; ವಾರವಿಡೀ
ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ.
ಉಳಿ ಹಿಡಿದು ಕೂತರೆ
ಉಳಿದದ್ದಕ್ಕಿಂತ ಉದುರಿದ್ದೇ ಹೆಚ್ಚು.

ಥರ್ಜಾ ಬೀಚಿ ಬಂದಳು, ಎಂಬತ್ತೆಂಟು,
ಈ ಒಂಬತ್ತಡಿ ಕೋಣೆಯಲ್ಲೇ ಹುಟ್ಟಿದವಳು.
ನಾನು ಬರೆಸಿದ ಗುಲಾಬಿ, ಕೋಟೆ, ತಿಕ್ಕಿದ ಹಿತ್ತಾಳೆ
ಯಾವುದನ್ನೂ ನೋಡಲಿಲ್ಲ.
ಚಾವಣಿಯ ಮೇಲೆ ಅಂಗೈ ಆಡಿಸುತ್ತ
ಹೊಗೆಕೊಳವೆಯ ಪಕ್ಕ ನಿಂತು
“ಬಳೆ ಎಲ್ಲಿ?” ಎಂದಳು.

ಯಾವ ಬಳೆ?

“ನಡುವಿಗೆ ಪಟ್ಟಿ ಬಿಗಿದು ಅದಕ್ಕೆ ಕಟ್ಟುತ್ತಿದ್ದಳು ಅವ್ವ,
ನಾನು ನಡೆಯಲು ಕಲಿತ ದಿನದಿಂದ.
ಆಲ್ಬನ್‌ಗೆ ಆಗಲೇ ಆರು ತುಂಬಿತ್ತು.
ಅವನನ್ನು ಕಟ್ಟಿರಲಿಲ್ಲ.”

ಗುಜರಿ ಬಕೆಟ್ಟು ಮಗುಚಿದೆ. ಮೊಳೆ, ರಿವೆಟ್ಟು, ಬಾಗಿದ ಚಮಚ.
ತಳದಲ್ಲಿತ್ತು,
ಒಂದು ಮಗ್ಗುಲು ಸವೆದು ತೆಳ್ಳಗಾಗಿ.

ಹಳೆಯ ತೂತಿಗೇ ತಿರುಪಿದೆ.
ಬಣ್ಣದ ಡಬ್ಬಿ ಎತ್ತಿಕೊಂಡೆ.
ಬೇಡವೆನ್ನಲಿಲ್ಲ ಅವಳು;
ಬಳೆಯೊಳಗಿಂದ ಬೆರಳು ತೆಗೆಯಲಿಲ್ಲ, ಅಷ್ಟೆ.